ಪಟ ಬರೆಯುವ ಊರಲ್ಲಿ ಒಂದು ಮಧ್ಯಾಹ್ನ

ಕೋಲ್ಕತ್ತದಲ್ಲಿ ಕಳೆದ ಮೂರು ದಿನದ ಬಗ್ಗೆ ಹೇಳುವಂಥದ್ದು ಜಾಸ್ತಿ ಇಲ್ಲ. ಸೆಕೆ, ಟ್ರಾಫಿಕ್, ಒಳ್ಳೆಯ ಸಂದೇಶ್ ಸಿಹಿ. ನಾನು ಹೊರಟಿದ್ದೇ ಪಟ, ಅಂದರೆ ಹಾಡುತ್ತಾ ತೋರಿಸುವ ಸುರುಳಿ ಚಿತ್ರ, ಬರೆಯುವ ನಯಾ ಎಂಬ ಹಳ್ಳಿಗೆ. ಹೌರಾದಿಂದ ಲೋಕಲ್ ರೈಲಲ್ಲಿ ಬಾಲಿಚಕ್, ಅಲ್ಲಿಂದ ಪಿಂಗ್ಲಾ ರಸ್ತೆ.

ದೆಹಲಿಯ ಆಧುನಿಕ ಕಲಾ ಗ್ಯಾಲರಿಯಲ್ಲಿ ಜಾಮಿನಿ ರಾಯ್ ಅವರ ಚಿತ್ರಗಳನ್ನು ನೋಡಿದಾಗಿನಿಂದ ಈ ಆಸೆ. ಕಲಾಶಾಲೆಯಲ್ಲಿ ಯುರೋಪಿನ ಶೈಲಿ ಕಲಿತಿದ್ದ ಅವರು 1920ರ ದಶಕದಲ್ಲಿ ಅದನ್ನು ಬಿಟ್ಟು ಪಟ ಬರೆಯುವ ಬಂಗಾಳದ ಪಟುವಾಗಳ ದಾರಿ ಹಿಡಿದರು. ದಪ್ಪ ಗೆರೆ, ನೆರಳಿಲ್ಲದ ಬಣ್ಣ, ಉದ್ದನೆ ಕಣ್ಣು. ಆ ಗೆರೆ ಹುಟ್ಟುವುದನ್ನು ಕಣ್ಣಾರೆ ನೋಡಬೇಕಿತ್ತು.

ನಯಾದ ಪಟುವಾಗಳ ಹೆಸರಿನ ಕೊನೆಗೆಲ್ಲ ಚಿತ್ರಕರ್ ಅಂತಲೇ ಇರುತ್ತದೆ. ಹೆಚ್ಚಿನವರು ಮುಸ್ಲಿಮರು. ಹಾಡುವುದು ರಾಮಾಯಣ, ಹಾವಿನ ದೇವತೆ ಮನಸಾದೇವಿಯ ಕಥೆ! ಕೆಟಲ್, ಛತ್ರಿ ಮೇಲೂ ಬಣ್ಣ ಹಚ್ಚಿ ಮಾರುತ್ತಾರೆ. ಅದು ನನಗೆ ಹಿಡಿಸಲಿಲ್ಲ. ಹೊಟ್ಟೆಪಾಡು, ಇರಲಿ.

ಒಂದು ಅಂಗಳದಲ್ಲಿ ವಯಸ್ಸಾದ ಹೆಂಗಸೊಬ್ಬರು ಕೂತಿದ್ದರು. ನಾನು ಸುಮ್ನೆ ಬೆಲೆ ಕೇಳಿದೆ. "ದೀದಿ, ಮೊದಲು ಹಾಡು ಕೇಳಿ" ಅಂತ ಸುರುಳಿ ಬಿಚ್ಚಿದರು. ಮೀನಿನ ಮದುವೆ. ಒಂದೊಂದು ಚೌಕದ ಮೇಲೂ ಬೆರಳಿಟ್ಟು ಹಾಡುತ್ತಾ ಹೋದರು. ದಿಬ್ಬಣಕ್ಕೆ ಬಂದ ಸಣ್ಣ ಮೀನುಗಳನ್ನೆಲ್ಲ ಕೊನೆಯ ಚೌಕದಲ್ಲಿ ದೊಡ್ಡ ಬೋಯಾಲ್ ಮೀನು ನುಂಗಿಬಿಡುತ್ತದೆ.

"ಇದನ್ನು ಬಿಡಿಸೋಕೆ ಎಷ್ಟು ದಿನ ಬೇಕು?" ಅಂದೆ. ಅಜ್ಜಿಯ ಉತ್ತರವನ್ನು ಮೊಮ್ಮಗ ಹಿಂದಿಯಲ್ಲಿ ತಿಳಿಸಿದ.

"ಬಿಡಿಸೋದಲ್ಲ, ಬರೆಯೋದು. ನಾವು ಪಟ ಬರೀತೀವಿ."

ನನಗೆ ನಗು ಬಂತು. ನಮ್ಮಲ್ಲೂ ಚಿತ್ರ ಬರೆಯುತ್ತೇವೆ ಅಂತಲೇ ಹೇಳುತ್ತೇವಲ್ವಾ? ಹಾಗೆಂದಾಗ ಅಜ್ಜಿಗೆ ಖುಷಿಯಾಯಿತು. "ಹಾಗಿದ್ರೆ ನಿಮ್ಮೂರಲ್ಲಿ ಯಾವ ಹಾಡು ಹಾಡಿಕೊಂಡು ಬರೀತಾರೆ?"

ಏನು ಹೇಳಲಿ? ಗ್ಯಾಲರಿಯ ಗೋಡೆ ನೆನಪಾಯಿತು. ಗೆರೆ ಅಲ್ಲಿಗೆ ಬಂದಿತ್ತು, ಹಾಡು ಬಂದಿರಲಿಲ್ಲ. "ಹಾಡಲ್ಲ" ಅಂದೆ. ಅವರು ನನ್ನನ್ನು ಪಾಪ ಅನ್ನುವಂತೆ ನೋಡಿದರು.

ಬಣ್ಣಗಳನ್ನೂ ತೋರಿಸಿದರು. ನೀಲಿಗೆ ಶಂಖಪುಷ್ಪ, ಹಸಿರಿಗೆ ಅವರೆ ಎಲೆ, ಹಳದಿಗೆ ಅರಿಶಿನ, ಕಪ್ಪಿಗೆ ಮಸಿ. ಕೂಡಿಸಲು ಬಿಲ್ವದ ಕಾಯಿಯ ಅಂಟು. ಕಾಗದ ಹರಿಯದಂತೆ ಹಿಂಬದಿಗೆ ಹಳೆ ಸೀರೆಯ ಬಟ್ಟೆ.

ಇಂಥ ಪಟ ಕೊಂಡರೆ ಪ್ಲಾಸ್ಟಿಕ್ ಕೊಳವೆಯಲ್ಲೇ ಹಾಕಿಕೊಂಡು ಬನ್ನಿ. ನಾನು ಪೇಪರ್‌ನಲ್ಲಿ ಸುತ್ತಿ, ವಾಪಸ್ ರೈಲಲ್ಲಿ ಒದ್ದೆ ಛತ್ರಿಯ ಪಕ್ಕ ಇಟ್ಟೆ. ಇನ್ನೂ ಹೊಟ್ಟೆ ಉರಿಯುತ್ತದೆ. ನಮ್ಮನೆ ಬೋಯಾಲ್ ಮೀನಿನ ಅರ್ಧ ಮೂತಿ ಈಗ ನೀಲಿ.