ಹಿತ್ತಲದಾಗ ಪಿಜ್ಜಾ ಒಲಿ, ಸಾಮಾನೆಲ್ಲಾ ನಮ್ಮ ಸೀಮಿದೇ

ಪಿಜ್ಜಾ ಒಲಿ ಮನ್ಯಾಗ ಕಟ್ಟೋದು ಹ್ಯಾಂಗ ಅಂತ ಯೂಟ್ಯೂಬಿನಾಗ ಹುಡುಕಿದ್ರ ಎಲ್ಲಾರೂ ಒಂದೇ ಪಟ್ಟಿ ಓದ್ತಾರ, ಶಾಖ ತಡಿಯಾಕ ಪರ್ಲೈಟ್ ತರಿಸ್ರಿ, ವರ್ಮಿಕ್ಯುಲೈಟ್ ತರಿಸ್ರಿ, ಸೆರಾಮಿಕ್ ಬ್ಲಾಂಕೆಟ್ ತರಿಸ್ರಿ, ಓಕ್ ಕಟಗಿ ತರಿಸ್ರಿ. ಗಂಗಾವತಿಯಾಗ ಕುಂತು ಇದನ್ನೆಲ್ಲಾ ಕಾರ್ಟಿಗೆ ಹಾಕ್ಕೋಂತ ಹೋದ್ರ ಒಲಿಗಿಂತ ಕೊರಿಯರ್ ರೊಕ್ಕಾನೇ ಜಾಸ್ತಿ ಆಗ್ತೈತಿ. ಫೋನ್ ಬಿಟ್ಟು ಸುತ್ತಮುತ್ತ ನೋಡ್ರಿ ಒಂದಪಾ, ಗಿಣಿಗೇರಿ ಕಡೆ ಸ್ಪಾಂಜ್ ಐರನ್ ಫ್ಯಾಕ್ಟರಿ, ಹೊಳಿ ದಾಟಿದ್ರ ತೋರಣಗಲ್ಲಿನ ಉಕ್ಕಿನ ಕಾರ್ಖಾನಿ, ಈ ಕಡೆ ಕಾರಟಗಿ ಸಿಂಧನೂರು ತನಕ ರೈಸ್ ಮಿಲ್ಲು, ನಡುವ ಎಲ್ಲಿ ನೋಡಿದ್ರೂ ಬಳ್ಳಾರಿ ಜಾಲಿ. ಉರಿ ತಡಿಯೋ ಇಟ್ಟಂಗಿ, ಶಾಖ ತಡಿಯೋ ಬೂದಿ, ಸುಡಾಕ ಕಟಗಿ, ಮೂರೂ ಎಲ್ಡು ತಾಸಿನ ಹಾದಿ ಒಳಗ ಅದಾವ. ನಾನು ಕಟ್ಟಿದ್ದು ಇವುಗಳಿಂದನೇ, ಹೊರಗಿಂದ ತರಿಸಿದ್ದು ಅಂದ್ರ ಒಂದು ಟೆಂಪರೇಚರ್ ಗನ್ ಅಷ್ಟ.

ಇಷ್ಟೆಲ್ಲಾ ಯಾಕ ಬೇಕಿತ್ತು ಅಂತ ಕೇಳೋರಿಗೆ ಒಂದು ಮಾತು. ಮೊದ್ಲೆಲ್ಲಾ ಹಂಪಿ ಎದುರಿನ ವಿರುಪಾಪುರ ಗಡ್ಡಿಗೆ ಹೋದ್ರ ಫಾರಿನ್ನವರ ಜೊತಿ ಕುಂತು ಕಟಗಿ ಒಲಿ ಪಿಜ್ಜಾ ತಿಂದು ಬರಬಹುದಿತ್ತು, 2020ರಾಗ ಸುಪ್ರೀಂ ಕೋರ್ಟ್ ಆದೇಶ ಬಂದ ಮ್ಯಾಲ ಅಲ್ಲಿನ ಹೋಟೆಲ್ಲು ರೆಸಾರ್ಟು ಎಲ್ಲಾ ತೆಗೆದ್ರು. ಮನ್ಯಾಗಿನ ಓಟಿಜಿ, ಅಂದ್ರ ಸಣ್ಣ ಕರೆಂಟ್ ಓವನ್, 250 ಡಿಗ್ರಿಗೆ ನಿಂತು ಬಿಡ್ತೈತಿ. ಆ ಶಾಖಕ್ಕ ಪಿಜ್ಜಾ ಬೇಯಾಕ ಹತ್ತು ಹನ್ನೆರಡು ನಿಮಿಷ ಬೇಕು, ಅಷ್ಟೊತ್ತಿಗೆ ಹಿಟ್ಟಿನಾಗಿನ ನೀರೆಲ್ಲಾ ಆರಿ ಕಟಕಟ ಆಗಿರ್ತೈತಿ. ನೇಪಲ್ಸಿನಾಗ 1984ರಾಗ ಶುರುವಾದ ಒಂದು ಪಿಜ್ಜಾ ಸಂಘ ಐತಿ, ಅವ್ರ ಲೆಕ್ಕ ಏನಪಾ ಅಂದ್ರ ಒಲಿ ನೆಲ 380ರಿಂದ 430 ಡಿಗ್ರಿ, ಮ್ಯಾಲಿನ ಗುಮ್ಮಟ 485 ಡಿಗ್ರಿ, ಪಿಜ್ಜಾ ಒಳಗ ಇರೋದು 60ರಿಂದ 90 ಸೆಕೆಂಡು. ಕೆಳಗ ನೆಲದ ಕಾವು, ಮ್ಯಾಲಿಂದ ಗುಮ್ಮಟದ ಕಾವು, ಬಾಜೂಕ ಉರಿ, ಮೂರೂ ಒಟ್ಟಿಗೆ ಬಡೀತಾವ, ಅದಕ್ಕ ಹೊರಗ ಅಲ್ಲಲ್ಲಿ ಸುಟ್ಟು ಒಳಗ ಮೆತ್ತಗ ಇರ್ತೈತಿ. ಮನ್ಯಾಗಿನ ಓಟಿಜಿಯಾಗ ಇದು ಆಗೋ ಮಾತಲ್ಲ.

ಈಗ ಅಸಲಿ ವಿಷಯ. ಒಲಿಯಾಗ ಎಲ್ಡು ಬ್ಯಾರೆ ಬ್ಯಾರೆ ಕೆಲಸ ಅದಾವ, ಒಂದು ಶಾಖ ಕುಡಿದು ಇಟ್ಕೊಳ್ಳೋದು, ಇನ್ನೊಂದು ಆ ಶಾಖ ಹೊರಗ ಹೋಗದಂಗ ತಡಿಯೋದು. ಇಟ್ಟಂಗಿ ಮೊದಲ್ನೇದು ಮಾಡ್ತೈತಿ, ಎಲ್ಡನೇದು ಮಾಡಂಗಿಲ್ಲ. ನಮ್ಮ ಗೌಂಡಿ ಕಾಕಾ "ತಮ್ಮಾ, ಗೋಡಿ ದಪ್ಪ ಕಟ್ಟಿದಷ್ಟು ಚಲೋ, ಒಂದೂವರಿ ಇಟ್ಟಂಗಿ ಹಾಕೂಣು" ಅಂತ ಕುಂತ್ರು. ಬೇಕರಿ ಭಟ್ಟಿ ಹಂಗ ದಪ್ಪ ಇರ್ತೈತಿ ಖರೆ, ಆದ್ರ ಅಲ್ಲಿ ದಿನಾ ಬೆಂಕಿ ಹಾಕ್ತಾರ, ಅದು ಯಾವತ್ತೂ ಪೂರಾ ತಣ್ಣಗಾಗಂಗೇ ಇಲ್ಲ. ನಾವು ರವಿವಾರಕ್ಕೊಮ್ಮೆ ಹಚ್ಚೋರು, ಅಷ್ಟು ದಪ್ಪ ಇಟ್ಟಂಗಿ ಕಾಯಿಸಾಕ ಅರ್ಧ ಗಾಡಿ ಕಟಗಿ ಹೋಗ್ತೈತಿ, ಕಾಯೋದ್ರಾಗ ಸಂಜಿನೂ ಆಗ್ತೈತಿ. ಅದಕ್ಕ ನಾಲ್ಕೂವರಿ ಇಂಚು ಇಟ್ಟಂಗಿ ಸಾಕು, ಅದರ ಮ್ಯಾಲ ನಾಲ್ಕು ಇಂಚು ಬೂದಿ ಕಂಬಳಿ ಹೊದಿಸಬೇಕು. ಇದೊಂದು ತಿಳದ್ರ ಅರ್ಧ ಒಲಿ ಕಟ್ಟಿದಂಗ.

ಬೂದಿ ಅಂದ್ರ ಭತ್ತದ ಹೊಟ್ಟಿನ ಬೂದಿ. ನಮ್ಮ ಕಡೆ ಮಿಲ್ಲಿನ ಬಾಯ್ಲರಿಗೆ ಹೊಟ್ಟೇ ಹಾಕ್ತಾರ, ಹೊಟ್ಟು ಸುಟ್ರ ಅದರ ತೂಕದಾಗ ಹೆಚ್ಚುಕಮ್ಮಿ ಐದರಾಗ ಒಂದು ಪಾಲು ಬೂದಿ ಉಳೀತೈತಿ, ಆ ಬೂದಿಯಾಗ ಮುಕ್ಕಾಲಿಗಿಂತ ಹೆಚ್ಚು ಬರೇ ಸಿಲಿಕಾ. ಹಗುರ, ಒಳಗ ಗಾಳಿ ಹಿಡಕೊಂಡಿರ್ತೈತಿ, ಬೆಂಕಿ ಮತ್ತ ಹತ್ತಂಗಿಲ್ಲ. ಉಕ್ಕಿನ ಕಾರ್ಖಾನ್ಯಾಗ ಕರಗಿದ ಉಕ್ಕು ತಣ್ಣಗಾಗಬಾರದು ಅಂತ ಅದರ ಮ್ಯಾಲ ಇದೇ ಬೂದಿ ಉಗ್ಗತಾರ, 1,500 ಡಿಗ್ರಿ ಉಕ್ಕಿಗೆ ತಡಿಯೋದು ನಮ್ಮ ಪಿಜ್ಜಾಕ್ಕ ತಡಿಯಂಗಿಲ್ಲೇನು? ಮಿಲ್ಲಿನವರಿಗೆ ಇದನ್ನ ಎಲ್ಲಿ ಚೆಲ್ಲಬೇಕು ಅನ್ನೋದೇ ತಲಿಬ್ಯಾನಿ, ಚೀಲ ತಗೊಂಡು ಹೋದ್ರ ಖುಷಿಲೇ ತುಂಬಿ ಕೊಡ್ತಾರ. ಆದ್ರ ಮಾಸ್ಕ್ ಹಾಕ್ಕೊಳ್ರಿ ದಯವಿಟ್ಟು, ಆ ಧೂಳು ಎದಿಯೊಳಗ ಹೋಗೋದು ಚಲೋ ಅಲ್ಲ, ಟವೆಲ್ ಕಟ್ಟಿದ್ರ ಸಾಲಂಗಿಲ್ಲ.

ಕೆಳಗ ಮಾಮೂಲಿ ಇಟ್ಟಂಗಿ ಕಟ್ಟಿ, ಅದರ ಮ್ಯಾಲ ಸ್ಲ್ಯಾಬು. ಸ್ಲ್ಯಾಬಿನ ಮ್ಯಾಲ ಐದು ಇಂಚು ಬೂದಿಗೆ ಚೂರು ಸಿಮೆಂಟು ಕಲಿಸಿ ಹಾಕಿದ್ವಿ, ಹಿಡಿದು ನಿಲ್ಲೋ ಅಷ್ಟೇ ಸಿಮೆಂಟು, ಜಾಸ್ತಿ ಹಾಕಿದ್ರ ಕಂಬಳಿ ಹೋಗಿ ಕಾಂಕ್ರೀಟ್ ಆಗ್ತೈತಿ. ಕೆಲವರು ಇದರಾಗ ಖಾಲಿ ಬಾಟ್ಲಿ ಮಲಗಿಸ್ತಾರ, ಬಾಟ್ಲಿಯೊಳಗಿನ ಗಾಳಿನೂ ಶಾಖ ತಡೀತೈತಿ ಅಂತ, ಖರೇನೇ ಅದು. ಆದ್ರ ಅಷ್ಟು ಬಿಯರ್ ಬಾಟ್ಲಿ ಒಮ್ಮೆಲೆ ಮನಿಗೆ ತಂದ್ರ ಓಣಿಯಾಗ ಏನಂತಾರ ಅಂತ ಅವ್ವ ಬಿಡ್ಲಿಲ್ಲ. ಈ ತಳದ ಪದರ ಬಿಟ್ಟು ಬರೇ ಗುಮ್ಮಟಕ್ಕ ಹೊದಿಸೋರು ಭಾಳ ಮಂದಿ ಅದಾರ, ಅವ್ರದ್ದು ಮೊದಲ್ನೇ ಪಿಜ್ಜಾ ಚಲೋ ಬರ್ತೈತಿ, ಮೂರನೇದಕ್ಕ ತಳ ಬಿಳಿ ಬಿಳಿ ಉಳೀತೈತಿ, ಯಾಕಂದ್ರ ಕಾವೆಲ್ಲಾ ಸ್ಲ್ಯಾಬು ಕುಡಿದಿರ್ತೈತಿ.

ಇಟ್ಟಂಗಿ ವಿಷಯಕ್ಕ ಬರ್ರಿ. ಫೈರ್ ಬ್ರಿಕ್ (ಉರಿ ತಡಿಯೋ ಇಟ್ಟಂಗಿ) ಅಂದ್ರ 230×115×75 ಮಿಲಿಮೀಟರ್, ಅಂದ್ರ ಒಂಬತ್ತು ಇಂಚು ಉದ್ದ, ನಾಲ್ಕೂವರಿ ಅಗಲ, ಮೂರು ದಪ್ಪ, ಒಂದೊಂದು ಹೆಚ್ಚುಕಮ್ಮಿ 4 ಕೆಜಿ. 30ರಿಂದ 40 ಪರ್ಸೆಂಟ್ ಅಲ್ಯುಮಿನಾ ಇರೋ ಮಾಮೂಲಿ ಫೈರ್‌ಕ್ಲೇ ಇಟ್ಟಂಗಿ ನಮಗ ಬೇಕಾದಷ್ಟಾತು, ಅಂಗಡಿಯವ್ರು ಇನ್ನೂ ಮ್ಯಾಲಿನ ಗ್ರೇಡು ತೋರಿಸಿದ್ರ ಕೈಮುಗಿದು ಬರ್ರಿ. ಇಲ್ಲೊಂದು ಮಾತು ಜೋರಾಗಿ ಹೇಳಬೇಕು. ನಮ್ಮ ಕಡೆ ಫ್ಯಾಕ್ಟರಿ ಸ್ಕ್ರ್ಯಾಪಿನಾಗ ಹಳೇ ಭಟ್ಟಿ ಇಟ್ಟಂಗಿ ಅಗ್ಗಕ್ಕ ಸಿಗ್ತಾವ, ನೋಡಾಕ ಗಟ್ಟಿಮುಟ್ಟು, ಆದ್ರ ಅದು ಯಾವ ಜಾತಿ ಇಟ್ಟಂಗಿ ಅಂತ ಯಾರೂ ಬರದಿರಂಗಿಲ್ಲ. ಮ್ಯಾಗ್ನೀಸಿಯಾ ಕ್ರೋಮ್ ಇಟ್ಟಂಗಿ ಇರಬಹುದು, ಬಳಸಿದ ಮ್ಯಾಲ ಅದರಾಗ ವಿಷದ ಕ್ರೋಮಿಯಂ ಹುಟ್ಟತೈತಿ, ಕ್ಯಾನ್ಸರ್ ತರೋವಂಥದ್ದು. ಊಟದ ಒಲಿಗೆ ಹೊಸಾ ಇಟ್ಟಂಗಿನೇ ತಗೋರಿ, ಇಲ್ಲಿ ಉಳಿಸೋ ರೊಕ್ಕ ರೊಕ್ಕ ಅಲ್ಲ.

ನೆಲಕ್ಕ ಗ್ರಾನೈಟ್ ಹಾಕು, ಕುಷ್ಟಗಿ ಕಡೆ ಬೇಕಾದಷ್ಟು ಸಿಗ್ತೈತಿ ಅಂತ ಮೈದುನ ಹೇಳ್ದ. ಗ್ರಾನೈಟಿನಾಗ ಕ್ವಾರ್ಟ್ಸ್ ಇರ್ತೈತಿ, ಅದು 573 ಡಿಗ್ರಿಗೆ ಒಮ್ಮೆಲೆ ಉಬ್ಬತೈತಿ, ಕೆಂಡದ ಕೆಳಗ ಅಷ್ಟು ಶಾಖ ಆರಾಮ ಬರ್ತೈತಿ, ಫಟ್ ಅಂತ ಸಿಡದ್ರ ಕಣ್ಣಿಗೇ ಬರೋದು. ಶಹಾಬಾದ್ ಕಲ್ಲು ಸುಣ್ಣದ ಕಲ್ಲು, ಪದರು ಪದರಾಗಿ ಏಳ್ತೈತಿ. ನೆಲಕ್ಕೂ ಫೈರ್ ಬ್ರಿಕ್ಕೇ ಹಾಕಿ, ಕೆಳಗ ತೆಳ್ಳಗ ಉಸುಕು ಹಾಸಿ, ಗಾರೆ ಇಲ್ಲದ ಬರೇ ಜೋಡಿಸಿಟ್ಟೀವಿ, ನಾಳೆ ಒಂದು ಒಡದ್ರ ಎತ್ತಿ ಇನ್ನೊಂದು ಇಡಬಹುದು.

ಗುಮ್ಮಟ ಕಟ್ಟೋದು ಮಜಾ ಕೆಲಸ. ಹಸಿ ಉಸುಕು ಗುಡ್ಡಿ ಹಾಕಿ, 36 ಇಂಚು ಅಗಲ 18 ಇಂಚು ಎತ್ತರಕ್ಕ ಗೋಲಾಗಿ ತಟ್ಟಿ, ಮ್ಯಾಲ ತೊಯ್ಸಿದ ಪೇಪರ್ ಅಂಟಿಸಿ, ಅದರ ಮ್ಯಾಲ ಅರ್ಧ ಕತ್ತರಿಸಿದ ಇಟ್ಟಂಗಿ ಸುತ್ತು ಸುತ್ತಾಗಿ ಇಡೋದು, ಗಾರೆ ಆರಿದ ಮ್ಯಾಲ ಬಾಗಲದೊಳಗ ಕೈ ಹಾಕಿ ಉಸುಕು ಎಳಕೊಳ್ಳೋದು. ಗಾರೆಗೆ ಸಿಮೆಂಟು ಬ್ಯಾಡ, 300 ಡಿಗ್ರಿ ದಾಟಿದ್ರ ಅದು ಬಲ ಕಳಕೊಳ್ಳಾಕ ಶುರು ಮಾಡ್ತೈತಿ, ಇಟ್ಟಂಗಿ ಮಾರೋರ ಹತ್ರನೇ ಫೈರ್‌ಕ್ಲೇ ಗಾರೆ ಚೀಲ ಸಿಗ್ತೈತಿ. ಬಾಗಲದ ಎತ್ತರಕ್ಕ ಒಂದು ಲೆಕ್ಕ ಐತಿ, ಗುಮ್ಮಟದ ಒಳ ಎತ್ತರದಾಗ 63 ಪರ್ಸೆಂಟ್. ಅದಕ್ಕಿಂತ ಎತ್ತರ ಆದ್ರ ಕಾವು ಹೊರಗ ಓಡ್ತೈತಿ, ಗಿಡ್ಡ ಆದ್ರ ಉರಿಗೆ ಗಾಳಿ ಸಾಲದ ಹೊಗಿ ತುಂಬ್ಕೊಳ್ತೈತಿ. ಕಾಕಾಗ ಈ ಪರ್ಸೆಂಟ್ ಹೇಳಿದ್ರ "ಅದೆಲ್ಲಾ ನನಗ ಬ್ಯಾಡ, ಗೇಣು ಲೆಕ್ಕ ಹೇಳು" ಅಂದ್ರು. 18 ಇಂಚು ಅಂದ್ರ ಎಲ್ಡು ಗೇಣು, ಬಾಗಲ ಒಂದು ಗೇಣು ಮೂರು ಬೆರಳು. ಟೇಪ್ ಹಿಡಿದು ನೋಡಿದ್ರ ಹನ್ನೊಂದು ಕಾಲು ಇಂಚು, ಲೆಕ್ಕಕ್ಕ ಸರಿಯಾಗಿ ಕುಂತಿತ್ತು!

ಚಿಮಣಿಗೆ ಮಾತ್ರ ದೊಡ್ಡ ಜಗಳ ಆತು. ಕಾಕಾ ನೆತ್ತಿ ಮ್ಯಾಲೇ ತೂತು ಬಿಡಬೇಕು ಅಂತಾರ, ಹೊಗಿ ಮ್ಯಾಲ ತಾನೇ ಹೋಗೋದು ಅಂತ. ನಾನಂದೆ, ಕಾಕಾ, ನೆತ್ತಿಗೆ ತೂತು ಬಿಟ್ರ ಹೊಗಿ ಜೊತಿ ಕಾವೂ ಸೀದಾ ಆಕಾಶಕ್ಕ ಹೋಗ್ತೈತಿ. ಚಿಮಣಿ ಬಾಗಲದ ಹೊರಗ, ಮುಂದ ಇರಬೇಕು. ತಣ್ಣನ ಗಾಳಿ ಬಾಗಲದ ತಳದಿಂದ ಒಳಗ ಬರ್ತೈತಿ, ಉರಿ ಹಿಂದ ಎದ್ದು ಗುಮ್ಮಟಕ್ಕ ಬಡಿದು ಮುಂದಕ್ಕ ಉರುಳಿ, ತನ್ನ ಕಾವೆಲ್ಲಾ ಕೊಟ್ಟ ಮ್ಯಾಲ ಹೊಗಿ ಬಾಗಲದ ಮ್ಯಾಲಂಚಿಂದ ಹೊರಗ ಬಂದು ಚಿಮಣಿಗೆ ಹೋಗ್ತೈತಿ. ಕಾಕಾ ನಂಬ್ಲಿಲ್ಲ, "ನಿನ್ನ ಮನಿ ನಿನ್ನ ರೊಕ್ಕ" ಅಂತ ಕಟ್ಟಿ ಕೊಟ್ರು. ಬೆಂಕಿ ಹಚ್ಚಿದಾಗ ಆ ಉರಿ ಉರುಳೋದು ನೋಡಾಕ ಕುರ್ಚಿ ಹಾಕ್ಕೊಂಡು ಕುಂತೋರೂ ಅವ್ರೇ.

ಕಟ್ಟಿದ ಕೂಡ್ಲೇ ಜೋರು ಬೆಂಕಿ ಹಾಕಬ್ಯಾಡ್ರಿ. ಇಟ್ಟಂಗಿ ಗಾರೆಯಾಗ ನೀರು ಇರ್ತೈತಿ, ನೀರು ಹಬೆ ಆದ್ರ 1,600 ಪಟ್ಟಿಗಿಂತ ಜಾಸ್ತಿ ಹಿಗ್ಗತೈತಿ, ಹೊರಗ ಬರಾಕ ಹಾದಿ ಸಿಗ್ಲಿಲ್ಲ ಅಂದ್ರ ಒಡಕೊಂಡು ಬರ್ತೈತಿ. ಮೊದ್ಲು ನಾಲ್ಕು ಚಕ್ಕಿ ಬೆಂಕಿ, ದಿನಾ ಚೂರು ಚೂರು ಹೆಚ್ಚಿಗಿ. ನಮ್ಮ ಬ್ಯಾಸಿಗಿ ಇದಕ್ಕ ಹೇಳಿ ಮಾಡಿಸಿದ್ದು, ಏಪ್ರಿಲ್ ಬಿಸಿಲಾಗ ಅರ್ಧ ಕೆಲಸ ಸೂರ್ಯನೇ ಮಾಡ್ತಾನ.

ಕಟಗಿ ಬಳ್ಳಾರಿ ಜಾಲಿ. ಕಾಲುವಿ ದಂಡಿ, ಕೆರಿ, ಹೊಲ ಎಲ್ಲಾ ನುಂಗಿ ರೈತರ ಹೊಟ್ಟಿ ಉರಿಸಿದ ಗಿಡ, ಬೈಕಿನ ಟೈರಿಗೆ ಅದರ ಮುಳ್ಳು ಮುರಿಯದ ಮನಿ ನಮ್ಮ ಕಡೆ ಇಲ್ಲ. ಆದ್ರ ಉರಿಯೋದ್ರಾಗ ಅದಕ್ಕ ಸಾಟಿ ಇಲ್ಲ, ಒಣಗಿದ್ದು ಹಾಕಿದ್ರ ಹೊಗಿ ಕಡಿಮಿ, ಕೆಂಡ ಭಾಳೊತ್ತು ನಿಲ್ತೈತಿ. ಅಮೆರಿಕದಾಗ ಮಾಂಸ ಸುಡಾಕ ಮೆಸ್ಕೀಟ್ ಅಂತ ಹುಡುಕಿ ತರ್ತಾರಲ್ಲ, ಅದೂ ಇದೂ ಅಣ್ತಮ್ಮರು. ಪ್ಲೈವುಡ್ಡು, ಪೇಂಟ್ ಬಳದ ಹಳೇ ಕಿಟಕಿ ಇವೆಲ್ಲಾ ಒಲಿ ಹತ್ರ ತರಬ್ಯಾಡ್ರಿ.

ಒಲಿ ಕಾದೈತೋ ಇಲ್ಲೋ ಅಂತ ಒಲಿನೇ ಹೇಳ್ತೈತಿ. ಮೊದ್ಲು ಗುಮ್ಮಟ ಮಸಿಯಿಂದ ಕರ್ರಗಾಗ್ತೈತಿ, ಆಮ್ಯಾಲ ಆ ಮಸಿನೇ ಸುಟ್ಟು ಇಟ್ಟಂಗಿ ಮತ್ತ ಬೆಳ್ಳಗ ಕಾಣ್ತೈತಿ, ಆಗ ಕೆಂಡ ಹಿಂದಕ್ಕ ತಳ್ಳಿ ನೆಲ ಉಡುಗಿದ್ರ ತಯಾರ್. ಕೊರೋನಾ ಟೈಮಿನ ಹಣಿ ಗನ್ ಮನ್ಯಾಗ ಐತಿ ಅಂತ ಅದನ್ನ ಹಿಡಿಬ್ಯಾಡ್ರಿ, ಅದು ಜ್ವರ ಅಳಿಯೋದು, 500 ಡಿಗ್ರಿ ತೋರಿಸೋದು ಬ್ಯಾರೆ ಸಿಗ್ತೈತಿ.

ಹಿಟ್ಟಿನ ಬಗ್ಗೆ ಜಾಸ್ತಿ ಬರಿಯಂಗಿಲ್ಲ, ಎಲ್ಲಾ ಕಡೆ ಐತಿ. ಒಂದು ಕಿಲೋ ಮೈದಾಕ್ಕ 600 ಗ್ರಾಂ ನೀರು, 25 ಗ್ರಾಂ ಉಪ್ಪು, 250 ಗ್ರಾಂ ಉಂಡಿ. ಆದ್ರ ವಿಡಿಯೋದಾಗ ಹೇಳೋ ಈಸ್ಟ್ ಲೆಕ್ಕ ಅವ್ರ ಊರಿಂದು, ನಮ್ಮ 42 ಡಿಗ್ರಿಯಾಗ ಅಷ್ಟು ಹಾಕಿದ್ರ ಹಿಟ್ಟು ಪಾತ್ರಿ ಬಿಟ್ಟು ಹೊರಗ ಬರ್ತೈತಿ. ಚಿಟಿಕಿ ಈಸ್ಟ್, ಐಸ್ ನೀರು, ರಾತ್ರಿಯೆಲ್ಲಾ ಫ್ರಿಜ್ಜಿನಾಗ, ಅಷ್ಟ. ಮ್ಯಾಲ ಏನ್ ಹಾಕ್ತೀರಿ ನಿಮ್ಮಿಷ್ಟ, ನಮ್ಮನ್ಯಾಗ ಟೊಮ್ಯಾಟೋ ಜಾಗಕ್ಕ ಪುಂಡಿಪಲ್ಯದ ಚಟ್ನಿ ಸವರಿ ಉಳ್ಳಾಗಡ್ಡಿ ಹಾಕಿದ್ದೇ ಎಲ್ಲಾಕ್ಕಿಂತ ಮೊದ್ಲು ಖಾಲಿ ಆಗ್ತೈತಿ, ಆ ಹುಳಿಗೂ ಚೀಜಿಗೂ ಭಾಳ ಹೊಂದ್ತೈತಿ.

ಪಿಜ್ಜಾ ಮುಗಿದ ಮ್ಯಾಲ ಒಲಿ ಅವ್ವಂದು. ಕಾವು ಇಳದ ಮ್ಯಾಲ ಬದನಿಕಾಯಿ ಸುಡ್ತಾಳ, ಶೇಂಗಾ ಹುರೀತಾಳ, ರಾತ್ರಿ ಬಾಗಲ ಮುಚ್ಚಿ ಮಡಕ್ಯಾಗ ಹುರಳಿಕಾಳು ಇಟ್ರ ಮುಂಜಾನಿಗೆ ಬೆಣ್ಣಿ ಆಗಿರ್ತಾವ. ಜೋಳದ ರೊಟ್ಟಿನೂ ಮಾಡಿ ನೋಡಿದ್ಲು, "ಹಂಚೇ ಚಲೋಪಾ, ಇಲ್ಲಿ ಬಗ್ಗಿ ಬಗ್ಗಿ ನನ್ನ ನಡ ಹೋತು" ಅಂತ ಅದೊಂದು ಕೈಬಿಟ್ಲು.

ಈಗ ಉಳದಿದ್ದು ಮಳಿ. ಬೂದಿ ಪದರಿಗೆ ನೀರು ಇಳಿದ್ರ ಅದು ಕಾವು ತಡಿಯೋದೇ ಬಿಡ್ತೈತಿ, ಮತ್ತ ಸಣ್ಣ ಬೆಂಕಿಯಿಂದ ಒಣಗಿಸ್ಕೋಂತ ಬರಬೇಕು. ಹೊರಗ ಸುಣ್ಣದ ಗಿಲಾಯ ಮಾಡಿಸೀವಿ, ಬಾಯಿ ಮೂಡಲಕ್ಕ ಇಟ್ಟೀವಿ ಯಾಕಂದ್ರ ಆಷಾಢದ ಗಾಳಿ ಪಡುವಲದಿಂದ ಬಡೀತೈತಿ, ಆದ್ರೂ ಮ್ಯಾಲ ಒಂದು ತಗಡಿನ ಶೀಟು ಬೇಕೇ ಬೇಕು. ಶೀಟ್ ಹಾಕಬೇಕಾದ ಜಾಗದಾಗ ನಮ್ಮಾಕಿ ಬಟ್ಟಿ ಒಣಗಾಕೋ ಹಗ್ಗ ಐತಿ. ಹಗ್ಗ ಅಲ್ಲಿಂದ ಸರಿಯಂಗಿಲ್ಲ ಅಂತ ಆಕಿ ಹೇಳ್ಯಾಳ, ಸದ್ಯಕ್ಕ ತಾಡಪಲ್ ಹೊದಿಸಿ ಇಟ್ಟೀನಿ.