ಬಿಟ್ಟ ಏಟು

ಇವತ್ತು ಮೇಖ್ರಿ ಸರ್ಕಲ್ ಹತ್ತಿರ ಬಸ್ಸು ಅಲ್ಲಾಡಲೇ ಇಲ್ಲ. ಸುಮ್ನೆ ಕೂತು ರಾಕ್ ಬ್ಯಾಂಡ್ ರೋಲಿಂಗ್ ಸ್ಟೋನ್ಸ್‌ನ ಹಳೇ ಲೈವ್ ವಿಡಿಯೊ ನೋಡುತ್ತಿದ್ದೆ. ಕಣ್ಣೆಲ್ಲ ಡ್ರಮ್ಮರ್ ಚಾರ್ಲಿ ವಾಟ್ಸ್ ಬಲಗೈ ಮೇಲೆ. ನಾಲ್ಕು ಎಣಿಕೆಯ ತಾಳದಲ್ಲಿ ಎರಡನೇ ಮತ್ತು ನಾಲ್ಕನೇ ಎಣಿಕೆಗೆ ಎಡಗೈ ಸ್ನೇರ್ ಎಂಬ ಚಿಕ್ಕ ಡ್ರಮ್ ಮೇಲೆ ಬೀಳುತ್ತದೆ. ಉಳಿದ ಹೊತ್ತು ಹೈ-ಹ್ಯಾಟ್ ಎಂಬ ಜೋಡಿ ಲೋಹದ ತಟ್ಟೆ ಬಾರಿಸುವ ಬಲಗೈ, ಆಗ ಮಾತ್ರ ಅದನ್ನು ಮುಟ್ಟದೆ ಮೇಲೇಳುತ್ತದೆ. ಸ್ನೇರ್ ಒಂದೇ ಕೇಳಿಸುತ್ತದೆ, ಠಪ್ ಅಂತ, ಬಿಡಿಯಾಗಿ. ಜಾಸ್ತಿ ಬಾರಿಸಿ ಬಂದ ಸೊಗಸಲ್ಲ ಇದು, ಒಂದು ಏಟು ಬಿಟ್ಟು ಬಂದದ್ದು. ಮನಸ್ಸೆಲ್ಲ ಜಾಝ್‌ನಲ್ಲಿ ಇದ್ದವರು, ಅಲ್ವಾ. ಸಣ್ಣ ಡ್ರಮ್ ಸೆಟ್, ನೆಟ್ಟಗಿನ ಬೆನ್ನು. 1963ರಿಂದ 2021ರಲ್ಲಿ ತೀರಿಕೊಳ್ಳುವವರೆಗೂ ಅದೇ ಬ್ಯಾಂಡ್.

2003ರಲ್ಲಿ ಇಲ್ಲೇ ಅರಮನೆ ಮೈದಾನದಲ್ಲಿ ನುಡಿಸಿದ್ದರು. ನಾನು ಹೋಗಿರಲಿಲ್ಲ, ಆ ಸಂಕಟ ಇನ್ನೂ ಇದೆ. ಬಸ್ಸು ಆ ಕಾಂಪೌಂಡ್ ದಾಟುವವರೆಗೂ ತೊಡೆ ಮೇಲೆ ತಾಳ ಹಾಕುತ್ತಲೇ ಇದ್ದೆ.