ಅಡ್ಡಕೋಲಿನಿಂದ ಇಳಿಯದ ಎಳೆ ಹೇಂಟೆಗಳು

ಎಳೆ ಹೇಂಟೆಗಳನ್ನು ಹಳೆಯ ಗುಂಪಿಗೆ ಬಿಟ್ಟ ದಿನ ಶೆಡ್ಡಿನ ಮುಂದೆ ನಿಂತವರೆಲ್ಲರ ಕಣ್ಣು ಜಗಳದ ಮೇಲೆಯೇ ಇರುತ್ತದೆ. ಯಾವುದು ಯಾವುದನ್ನು ಕುಕ್ಕಿತು, ಎಷ್ಟು ಗರಿ ಕಿತ್ತುಬಂತು, ಜುಟ್ಟಿನಲ್ಲಿ ರಕ್ತ ಕಂಡಿತೇ ಎಂದು ನೋಡುತ್ತೇವೆ. ನಮ್ಮ ತರಬೇತಿ ಕೇಂದ್ರದಲ್ಲಿ ಕೋಳಿಗಳ ಕೆಲಸಕ್ಕೆ ಹೊಸದಾಗಿ ಬರುವವರಿಗೆ ನಾನು ಈಗ ಹೇಳುವುದೇ ಬೇರೆ. ಯಾರು ತಿಂದರು, ಯಾರು ನೀರು ಕುಡಿದರು ಎಂಬುದನ್ನು ಮೊದಲು ನೋಡಿ. ಜಗಳ ಆಮೇಲೆ.

ನಮ್ಮಲ್ಲಿ ಮೊಟ್ಟೆ ಇಡುವ ಹನ್ನೆರಡು ಹಳೆಯ ಲೇಯರ್‌ಗಳಿದ್ದವು. ಅವುಗಳ ಜೊತೆಗೆ ಸೇರಿಸಲು ಹನ್ನೆರಡು ವಾರದ ಆರು ಎಳೆಯವು ಬಂದವು. ಮೊದಲ ಒಂದು ತಿಂಗಳು ಅವು ಬೇರೆ ಶೆಡ್ಡಿನಲ್ಲೇ ಇದ್ದವು. ಹೇನು, ಸೀನು, ಹಿಕ್ಕೆಯಲ್ಲಿ ರಕ್ತ ಯಾವುದೂ ಕಾಣಲಿಲ್ಲ. ಆಮೇಲೆ ಒಂದು ವಾರ ದೊಡ್ಡ ಶೆಡ್ಡಿನೊಳಗೇ ಜಾಲರಿ ಕಟ್ಟಿ, ಒಂದನ್ನೊಂದು ನೋಡಲಿ, ಮುಟ್ಟುವುದು ಬೇಡ ಎಂದು ಇಟ್ಟೆವು. ಕೊನೆಗೆ ಒಂದು ರಾತ್ರಿ ಜಾಲರಿ ತೆಗೆದು, ಹಳೆಯವುಗಳ ಪಕ್ಕದಲ್ಲಿ ಅಡ್ಡಕೋಲಿನ ಮೇಲೆ ಕೂರಿಸಿದೆವು. ಕತ್ತಲಲ್ಲಿ ಕೋಳಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ, ಗಲಾಟೆ ಮಾಡುವುದಿಲ್ಲ. ಇಲ್ಲಿಯವರೆಗೆ ಎಲ್ಲವೂ ಕ್ರಮವಾಗಿಯೇ ನಡೆದಿತ್ತು.

ಜಾಲರಿ ತೆಗೆದ ಮರುದಿನವೇ ಎಳೆಯವುಗಳ ಮೇವಿನ ಫೀಡರ್ ಮತ್ತು ನೀರಿನ ಡ್ರಿಂಕರ್ ಸ್ಟೋರಿಗೆ ವಾಪಸು ಹೋದವು. ಶೆಡ್ಡಿಗೆ ಒಂದೊಂದು ಎಂಬುದು ಸ್ಟೋರಿನವರ ಲೆಕ್ಕ. ಹದಿನೆಂಟು ಕೋಳಿಗೆ ಆ ದೊಡ್ಡ ಫೀಡರ್ ಧಾರಾಳವಾಗಿ ಸಾಕು ಎಂದು ಮೇಲ್ವಿಚಾರಕರು ಕೈಪಿಡಿ ತೆರೆದು ತೋರಿಸಿದರು. ಕೈಪಿಡಿ ಫೀಡರಿನ ಅಂಚಿನ ಉದ್ದವನ್ನು ಅಳೆಯುತ್ತದೆ. ಆ ಅಂಚಿನಲ್ಲಿ ಕಾವಲು ನಿಂತವರು ಯಾರು ಎಂಬುದು ಅದಕ್ಕೆ ಗೊತ್ತಿಲ್ಲ.

ನಮ್ಮ ಗುಂಪಿನ ಯಜಮಾನಿ ಜುಟ್ಟು ಒಂದು ಕಡೆಗೆ ಬಾಗಿದ ಕಂದು ಹೇಂಟೆ. ಅದು ಯಾರನ್ನೂ ಬೆನ್ನಟ್ಟಲಿಲ್ಲ. ಎಳೆಯದೊಂದು ಫೀಡರಿನತ್ತ ಹೆಜ್ಜೆ ಹಾಕಿದರೆ ಕತ್ತು ಎತ್ತಿ ದಿಟ್ಟಿಸುತ್ತಿತ್ತು, ಅಷ್ಟೇ. ಎಳೆಯದು ತಿರುಗಿ ಅಡ್ಡಕೋಲು ಹತ್ತುತ್ತಿತ್ತು. ಕೋಳಿಗಳ ಮೇಲು ಕೀಳಿನ ಸಾಲನ್ನು 1920ರ ದಶಕದ ಆರಂಭದಲ್ಲಿ ಮೊದಲು ವಿವರಿಸಿದ ನಾರ್ವೆಯ ಪ್ರಾಣಿಶಾಸ್ತ್ರಜ್ಞ ಶೆಲ್ಡೆರಪ್-ಎಬ್ಬೆ ಅದನ್ನು ಗುರುತಿಸಿದ್ದೂ ಕಾಳಿನ ಮುಂದೆಯೇ. ಮೇಲಿನದಕ್ಕೆ ಮೊದಲ ತುತ್ತು, ಕೆಳಗಿನದಕ್ಕೆ ಉಳಿದರೆ ಉಂಟು. ಸ್ಥಾನ ಒಮ್ಮೆ ಗಟ್ಟಿಯಾದರೆ ಕುಕ್ಕುವ ಅಗತ್ಯವೂ ಬೀಳುವುದಿಲ್ಲ, ಒಂದು ನೋಟ ಸಾಕು. ಆ ನೋಟವನ್ನು ನಾವು ಸಮಾಧಾನ ಎಂದುಕೊಂಡೆವು. “ಗಾಯ ಇಲ್ಲ, ಗಲಾಟೆ ಇಲ್ಲ, ಇನ್ನೇನು ಬೇಕು ನಿಮಗೆ?” ಎಂದರು ಮೇಲ್ವಿಚಾರಕರು. ಹಗಲು ಹೊತ್ತಿನಲ್ಲಿ ಆರೋಗ್ಯವಾಗಿರುವ ಎಳೆಯ ಕೋಳಿ ನೆಲ ಕೆದಕುತ್ತಿರಬೇಕು. ಇವು ಆರೂ ಸಾಲಾಗಿ ಮೇಲೆ ಕುಳಿತಿದ್ದವು. ಉತ್ತರ ಅಲ್ಲಿಯೇ ಇತ್ತು.

ನನಗೆ ಅನುಮಾನ ಹುಟ್ಟಿದ್ದು ಮ್ಯಾಶ್, ಅಂದರೆ ಪುಡಿ ಮೇವು, ತುಂಬುವಾಗ. ಆರು ಹೊಟ್ಟೆ ಹೆಚ್ಚಾಗಿದ್ದರೂ ದಿನದ ಮ್ಯಾಶ್ ಹೆಚ್ಚೇನೂ ಖರ್ಚಾಗಿರಲಿಲ್ಲ. ಸಂಜೆ ಕೋಳಿಗಳೆಲ್ಲ ಏರಿ ಕುಳಿತ ಮೇಲೆ ಟಾರ್ಚ್ ಹಿಡಿದು ಒಳಗೆ ಹೋದೆ. ಮೊದಲು ಒಂದು ಹಳೆಯ ಹೇಂಟೆಯ ಕ್ರಾಪ್, ಅಂದರೆ ತಿಂದದ್ದು ಮೊದಲು ಸೇರುವ ಕತ್ತಿನ ಬುಡದ ಚೀಲ, ಮುಟ್ಟಿದೆ. ಕಾಳು ತುಂಬಿದ ಕೈಚೀಲದಂತೆ ಗಟ್ಟಿಯಾಗಿತ್ತು. ಪಕ್ಕದ ಎಳೆಯದರ ಕತ್ತಿನ ಬುಡಕ್ಕೆ ಬೆರಳಿಟ್ಟರೆ ಅಲ್ಲಿ ಏನೂ ಇಲ್ಲ, ಬರಿಯ ಚರ್ಮ. ಕೈ ತಪ್ಪಿರಬೇಕು ಎಂದು ಮತ್ತೆ ತಡವಿದೆ. ಎರಡನೆಯದೂ ಹಾಗೆಯೇ. ಮೂರನೆಯದರಲ್ಲಿ ಸ್ವಲ್ಪ ಮ್ಯಾಶ್ ಇತ್ತು. ನಾಲ್ಕನೆಯದರ ಎದೆಮೂಳೆ ಅಂಗೈಗೆ ಚುಚ್ಚುವಂತಿತ್ತು. ಕೊನೆಯದು, ಎಲ್ಲಕ್ಕಿಂತ ಚಿಕ್ಕದು, ಎತ್ತಿಕೊಂಡಾಗ ರೆಕ್ಕೆ ಬಡಿಯಲೂ ಇಲ್ಲ. ಅದರ ಜುಟ್ಟು ಬಿಳಿಚಿ ಒಣಗಿತ್ತು.

ಜಾಲರಿಯನ್ನು ಮತ್ತೆ ಕಟ್ಟಿ, ಸ್ಟೋರಿನ ಬೀಗ ತೆಗೆಸುವ ಹೊತ್ತಿಗೆ ಮೈ ಬೆವೆತುಹೋಗಿತ್ತು. ಸಹೋದ್ಯೋಗಿಯೊಬ್ಬರು ಎಲೆಕ್ಟ್ರೋಲೈಟ್ ಲವಣಗಳನ್ನು ನೀರಿಗೆ ಕಲಸಿ ತಂದರು. ಒಂದೊಂದರ ಕೊಕ್ಕನ್ನೂ ನೀರಿಗೆ ತಾಗಿಸಿದೆವು. ಐದು ಕೋಳಿಗಳು ತಲೆ ಎತ್ತಿ ಎತ್ತಿ ನುಂಗಿದವು, ಆಮೇಲೆ ದೀಪದ ಬೆಳಕಿನಲ್ಲೇ ಮ್ಯಾಶ್ ತಿಂದವು. ಚಿಕ್ಕದು ಬೆಳಗಾಗುವಷ್ಟರಲ್ಲಿ ಸತ್ತಿತ್ತು. ಪಶುವೈದ್ಯರು ಕೊಯ್ದು ನೋಡಿದಾಗ ಕ್ರಾಪ್ ಖಾಲಿ ಇತ್ತು, ರೋಗದ ಗುರುತು ಕಾಣಲಿಲ್ಲ. ರಿಜಿಸ್ಟರಿನಲ್ಲಿ ‘ಕಾರಣ ತಿಳಿದಿಲ್ಲ’ ಎಂದು ಬರೆದಿದ್ದರು. ಅದನ್ನು ಹೊಡೆದುಹಾಕಿ ‘ಮೇವು, ನೀರು ಸಿಗದೆ’ ಎಂದು ಬರೆಸುವವರೆಗೆ ನಾನು ಕಚೇರಿ ಬಿಟ್ಟು ಹೊರಗೆ ಬರಲಿಲ್ಲ. ಆ ಸಾಲಿನಿಂದ ಯಾರಿಗೂ ಸಂತೋಷವಾಗಲಿಲ್ಲ. ಆದರೆ ಆ ಜೀವಕ್ಕೆ ನಾವು ಕೊಡಬಹುದಾಗಿದ್ದ ಕೊನೆಯ ಮರ್ಯಾದೆ ನಿಜ ಬರೆಯುವುದೊಂದೇ ಆಗಿತ್ತು.

ಈಗ ಗುಂಪು ಕೂಡಿಸುವಾಗ ಕನಿಷ್ಠ ಎರಡು ಫೀಡರ್, ಎರಡು ಡ್ರಿಂಕರ್ ಇಡುತ್ತೇವೆ, ಒಂದರ ಬಳಿ ನಿಂತರೆ ಇನ್ನೊಂದು ಕಾಣದಷ್ಟು ದೂರದಲ್ಲಿ. ನಡುವೆ ಹಲಗೆಗಳನ್ನು ಗೋಡೆಗೆ ಓರೆಯಾಗಿ ಒರಗಿಸುತ್ತೇವೆ. ಹಲಗೆಯ ಎರಡೂ ತುದಿ ತೆರೆದಿರಬೇಕು, ಇಲ್ಲದಿದ್ದರೆ ಅವಿತುಕೊಳ್ಳಲು ಹೋದದ್ದು ಮೂಲೆಯಲ್ಲಿ ಸಿಕ್ಕಿ ಪೆಟ್ಟು ತಿನ್ನುತ್ತದೆ. ಕಂದು ಯಜಮಾನಿಯನ್ನು ಕೆಲವು ದಿನ ಬೇರೆ ಪಂಜರದಲ್ಲಿಟ್ಟು ಮತ್ತೆ ಬಿಟ್ಟೆವು. ಮರಳಿ ಬಂದಾಗ ಅದೇ ಹೊಸಬಳಾಗಿತ್ತು, ಮೊದಲಿನ ಬಿಗಿ ಉಳಿದಿರಲಿಲ್ಲ. ಎರಡು ಮೂರು ಕುಕ್ಕುಗಳನ್ನು ನಾನು ತಡೆಯುವುದಿಲ್ಲ, ಸಾಲು ಗೊತ್ತಾಗಬೇಕಾದರೆ ಅಷ್ಟು ನಡೆಯುತ್ತದೆ. ರಕ್ತ ಕಂಡರೆ ಮಾತ್ರ ಆ ಕ್ಷಣವೇ ಬೇರ್ಪಡಿಸುತ್ತೇನೆ. ಕೆಂಪು ಕಂಡಲ್ಲಿಗೆ ಉಳಿದವೂ ಮುಗಿಬೀಳುತ್ತವೆ.

ಮ್ಯಾಶ್ ವಿಷಯದಲ್ಲಿ ಸ್ಟೋರಿನವರ ಜೊತೆ ಇನ್ನೊಂದು ಜಗ್ಗಾಟ ನಡೆಯಿತು. ಲೇಯರ್ ಮ್ಯಾಶ್‌ನಲ್ಲಿ ಕ್ಯಾಲ್ಸಿಯಂ ಶೇಕಡಾ 3.5ರಿಂದ 4ರಷ್ಟು ಇರುತ್ತದೆ, ಬೆಳೆಯುವ ಕೋಳಿಗೆ ಕೊಡುವ ಗ್ರೋವರ್‌ನಲ್ಲಿ ಸುಮಾರು 1. ಇನ್ನೂ ಮೊಟ್ಟೆ ಇಡದ ಕೋಳಿಗೆ ಅಷ್ಟು ಕ್ಯಾಲ್ಸಿಯಂ ವಾರಗಟ್ಟಲೆ ಹೋದರೆ ಮೂತ್ರಪಿಂಡ ಕೆಡುತ್ತದೆ. ಹಾಗಾಗಿ ಎಳೆಯವು ಮೊಟ್ಟೆಗೆ ಬರುವವರೆಗೆ ಎಲ್ಲಕ್ಕೂ ಗ್ರೋವರ್ ಕೊಟ್ಟು, ಕ್ಯಾಲ್ಸಿಯಂಗಾಗಿ ಶೆಲ್ ಗ್ರಿಟ್ಟನ್ನು, ಅಂದರೆ ಚಿಪ್ಪಿನ ಚೂರನ್ನು, ಬೇರೆ ಬಟ್ಟಲಲ್ಲಿ ಇಡಬೇಕು. ಹಳೆಯವು ತಮಗೆ ಬೇಕಾದಷ್ಟನ್ನು ಹೆಕ್ಕಿಕೊಳ್ಳುತ್ತವೆ. ಮೊಟ್ಟೆ ಇಡುವ ಕೋಳಿಗೆ ಗ್ರೋವರ್ ಏಕೆ ಎಂದು ನಮ್ಮ ಬೇಡಿಕೆ ಪತ್ರ (ಇಂಡೆಂಟ್) ಎರಡು ಬಾರಿ ವಾಪಸು ಬಂತು. ಪಶುವೈದ್ಯರ ಸಹಿ ಹಾಕಿಸಿ ಕಳುಹಿಸಿದ ಮೇಲೆ ಮಂಜೂರಾಯಿತು.

ಹೊಸ ಗುಂಪು ಸೇರಿದ ಮೊದಲ ವಾರ ಸಂಜೆಯ ಪಾಳಿಯವರು ಪ್ರತಿಯೊಂದು ಎಳೆಯದರ ಕ್ರಾಪ್ ಮುಟ್ಟಿ ನೋಡಿಯೇ ದೀಪ ಆರಿಸಬೇಕು ಎಂದು ನಾನು ಪಟ್ಟು ಹಿಡಿದಿದ್ದೇನೆ. ಕೋಳಿಗಳು ಏರಿ ಕೂರುವ ಹೊತ್ತಿಗೆ ಪಾಳಿ ಮುಗಿದಿರುತ್ತದೆ, ಹೆಚ್ಚಿನ ಸಮಯಕ್ಕೆ ಭತ್ಯೆ ಯಾರು ಕೊಡುತ್ತಾರೆ ಎಂಬ ಪ್ರಶ್ನೆಗೆ ಮೇಲಿನಿಂದ ಇನ್ನೂ ಉತ್ತರ ಬಂದಿಲ್ಲ. ಸದ್ಯಕ್ಕೆ ನಾನೇ ನಿಂತು ನೋಡಿ ಹೋಗುತ್ತಿದ್ದೇನೆ.